ಬಲಗಡೆಯ ರಾಣಿ

ಹೋದ ಶನಿವಾರದಿಂದ ಒಬ್ಬ ಇಸ್ಪೀಟ್ ರಾಣಿ ನನ್ನ ನಿದ್ದೆ ಕೆಡಿಸಿದ್ದಾಳೆ. ಮನೆಯಲ್ಲಿ ಇದನ್ನು ಬಿಡಿಸಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ.

ಬ್ರಿಡ್ಜಿನಲ್ಲಿ ನಾಲ್ಕು ಸ್ಪೇಡ್ ಕರೆದಿದ್ದೆ. ತುರುಪು ನನ್ನ ಕೈಯಲ್ಲಿ ಎಕ್ಕ, ಗುಲಾಮ ಸೇರಿ ಐದು. ಎದುರಿನ ಡಮ್ಮಿಯಲ್ಲಿ ರಾಜ ಸೇರಿ ನಾಲ್ಕು. ಹೊರಗಿದ್ದದ್ದು ನಾಲ್ಕೇ ಎಲೆ, ಅದರಲ್ಲಿ ಈ ಮಹಾರಾಣಿ. ಡಮ್ಮಿಯ ರಾಜನನ್ನು ಹಾಕಿದೆ. ಇಬ್ಬರೂ ಚಿಕ್ಕ ತುರುಪು ಬಿಟ್ಟರು. ಡಮ್ಮಿಯಿಂದಲೇ ಇನ್ನೊಂದು ಆಡಿದೆ, ಬಲಗಡೆಯವರು ಮತ್ತೊಂದು ಚಿಕ್ಕದು ಹಾಕಿದರು. ಈಗ ಗುಲಾಮನೋ, ಎಕ್ಕವೋ? ಒಂಬತ್ತು ತುರುಪಿದ್ದರೆ ಮೇಲಿಂದ ಬಡಿ, ರಾಣಿ ತಾನಾಗಿ ಉದುರುತ್ತಾಳೆ ಎಂದು ಕಲಿತವನು ನಾನು. ಎಕ್ಕ ಬಡಿದೆ. ಎಡಗಡೆಯವರು ಡೈಮಂಡ್ ಎಸೆದರು. ರಾಣಿ ಬಲಗಡೆ ತಣ್ಣಗೆ ಕೂತಿದ್ದಳು. ಒಂದು ಟ್ರಿಕ್ಕಿಗೆ ಆಟ ಹೋಯಿತು.

ನನ್ನ ಪಾರ್ಟ್‌ನರ್ ನಿವೃತ್ತ ಬ್ಯಾಂಕ್ ಮ್ಯಾನೇಜರು. ಬೈಯಲಿಲ್ಲ. ಸ್ಕೋರ್ ಹಾಳೆಯ ಅಂಚಿನಲ್ಲಿ 5, 9 ಎಂದು ಬರೆದು ನನ್ನತ್ತ ತಿರುಗಿಸಿದರು. "ಎಡಗಡೆಯವರು ಶುರುವಿಗೇ ಮೂರು ಹಾರ್ಟ್ಸ್ ಅಂದ್ರಲ್ಲ ಸಾರ್, ಅಂದ್ರೆ ಅವರ ಹತ್ರ ಏಳು. ನಮ್ಮಿಬ್ಬರದು ನಾಲ್ಕು. ಬಲಗಡೆಯವರಿಗೆ ಉಳಿದದ್ದು ಎರಡೇ. ಬಿದ್ದ ತುರುಪನ್ನೂ ಕಳೀರಿ. ಎಡಗಡೆ ಐದು ಜಾಗ ಖಾಲಿ, ಬಲಗಡೆ ಒಂಬತ್ತು. ರಾಣಿ ಎಲ್ಲಿ ಕೂತಿರ್ತಾಳೆ?"

ಯಾವ ಬಸ್ಸಲ್ಲಿ ಸೀಟು ಜಾಸ್ತಿ ಖಾಲಿ ಇದೆ ಅಂತ ಮಗುವನ್ನು ಕೇಳಿದ ಹಾಗಿತ್ತು.

ಮನೆಗೆ ಬಂದು ಟೆರೆನ್ಸ್ ರೀಸ್‌ನ 'ದಿ ಎಕ್ಸ್‌ಪರ್ಟ್ ಗೇಮ್' ತೆಗೆದೆ. 1958ರ ಪುಸ್ತಕ. ಕಾಣದ 26 ಎಲೆಗಳನ್ನು ಬರೀ ತರ್ಕದಿಂದ ಕಾಣುವುದು ಹೇಗೆಂದು ಕಲಿಸಿದ ಇಂಗ್ಲಿಷಿನವನು. ಯಾರು ಏನು ಆಡಿದರು ಎನ್ನುವುದಷ್ಟೇ ಅಲ್ಲ, ಏನು ಆಡಲಿಲ್ಲ ಎನ್ನುವುದರಿಂದಲೂ ಅವನು ಕೈ ಓದುತ್ತಾನೆ. ಅಂಥವನ ಮೇಲೆ 1965ರಲ್ಲಿ, ಬ್ಯೂನಸ್ ಐರಿಸ್‌ನ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಂದ ಆರೋಪವೇನು ಗೊತ್ತೇ? ಅವನೂ ಜೊತೆಗಾರ ಬೋರಿಸ್ ಶಪೀರೊನೂ ಎಲೆ ಹಿಡಿದ ಬೆರಳುಗಳಿಂದ, ತಮ್ಮ ಕೈಯಲ್ಲಿ ಎಷ್ಟು ಹಾರ್ಟ್ಸ್ ಇವೆ ಎಂದು ಒಬ್ಬರಿಗೊಬ್ಬರು ತೋರಿಸುತ್ತಿದ್ದರಂತೆ. ಜಗತ್ತಿಗೆ ಲೆಕ್ಕ ಕಲಿಸಿದ ಮನುಷ್ಯ ಬೆರಳೆಣಿಸಿ ಸಿಕ್ಕಿಬಿದ್ದ! ವಿಶ್ವ ಬ್ರಿಡ್ಜ್ ಒಕ್ಕೂಟ ತಪ್ಪಿತಸ್ಥರೆಂದಿತು. ಇಂಗ್ಲೆಂಡಿನಲ್ಲಿ ಸರ್ ಜಾನ್ ಫಾಸ್ಟರ್ ನಡೆಸಿದ ವಿಚಾರಣೆ ಇಬ್ಬರನ್ನೂ ಬಿಟ್ಟಿತು. ಅಲ್ಲಿ ಆಡಿದ ಕೈಗಳನ್ನೂ ಬಿಡಿಸಿ ನೋಡಿದರು: ಜೊತೆಗಾರನ ಹಾರ್ಟ್ಸ್ ಎಷ್ಟೆಂದು ಗೊತ್ತಿದ್ದವನು ಹೀಗೆ ಆಡುತ್ತಿದ್ದನೇ? ಅಂದರೆ ಅವನೇ ಕಲಿಸಿದ ವಿದ್ಯೆಯಿಂದ ಅವನನ್ನೇ ಓದಿದರು. ನಾನಂತೂ ರೀಸ್ ಪರ. ಅದು ಲೆಕ್ಕವಲ್ಲ, ಪುಸ್ತಕ ಓದಿದವನ ಋಣ.

ಹತ್ತು ವರ್ಷದ ಮೇಲೆ ಬರ್ಮುಡಾದಲ್ಲಿ ಇಟಲಿಯ ಜೋಡಿಯೊಂದರ ಮೇಲೆ ಮೇಜಿನಡಿ ಕಾಲು ತಾಗಿಸುವ ದೂರು ಬಂತು. ಕಾಲುಗಳ ನಡುವೆ ಕಾಫಿ ಟೇಬಲ್ ಇಟ್ಟು ಆಟ ಮುಂದುವರಿಸಿದರು.

ನಮ್ಮೂರ ಜಗಲಿಗೆ ಇಂಥ ಸಮಿತಿ ಬೇಕಿರಲಿಲ್ಲ. ಅಲ್ಲಿ ಇಪ್ಪತ್ತೆಂಟು ಆಡುತ್ತಿದ್ದರು, ಹಾರ್ಟ್ಸ್‌ಗೆ ಆಟೀನು ಎನ್ನುತ್ತಿದ್ದರು. ದೊಡ್ಡಪ್ಪನ ಜೋಡಿಗೆ ಗುಲಾಮ ಬಂದರೆ ಕೆಮ್ಮು ಬರುತ್ತಿತ್ತು. ಊರಿಗೆಲ್ಲ ಗೊತ್ತು, ಯಾರೂ ಆಕ್ಷೇಪಿಸುತ್ತಿರಲಿಲ್ಲ. ಎದುರಾಳಿಗಳೂ ಆ ಕೆಮ್ಮನ್ನು ಲೆಕ್ಕಕ್ಕೆ ಹಿಡಿದು ಆಡುತ್ತಿದ್ದರು. ಒಂದು ಮಳೆಗಾಲ ಅವನಿಗೆ ನಿಜವಾಗಿ ನೆಗಡಿಯಾಯಿತು. ನಾಲ್ಕು ಗುಲಾಮರೂ ಅವನ ಕೈಲಿದ್ದಾರೆಂದು ನಂಬಿ, ಗೆಲ್ಲಬಹುದಾದ ಕೈಗಳನ್ನೆಲ್ಲ ಕರೆಯದೆ ಬಿಟ್ಟು, ಎದುರಿನವರು ವಾರವಿಡೀ ಸೋತರು.

ನಿನ್ನೆ ಶನಿವಾರ ಅಂಥದ್ದೇ ಕೈ ಬಂತು. ಈ ಸಲ ಬೆರಳು ಮಡಿಸಿ, ಖಾಲಿ ಜಾಗ ಎಣಿಸಿ, ಪಾರ್ಟ್‌ನರ್ ಮುಖವನ್ನೊಮ್ಮೆ ನೋಡಿ ಗುಲಾಮನನ್ನು ಬಿಟ್ಟೆ.

ರಾಣಿ ಎಡಗಡೆ ಇದ್ದಳು.