ಹುಳು ನುಡಿದ ಸಾಕ್ಷಿ

ಗದಗಿನಿಂದ ಪುಣೆಗೆ ಮನೆ ಸಾಗಿಸುವಾಗ ಕುಮಾರವ್ಯಾಸ ಭಾರತದ ಓಲೆಕಟ್ಟಿನ ದಾರ ಹರಿದು ಗರಿಗಳು ಟ್ರಂಕಿನೊಳಗೆ ಜಾರಿದ್ದವು. ಮತ್ತೆ ಪೋಣಿಸಿದ ಅಪ್ಪ, ಕ್ರಮ ಕೆಟ್ಟದ್ದು ತಮ್ಮ ಕೈಯಿಂದಲೇ ಎಂದು 40 ವರ್ಷ ಕೊರಗಿದರು.

ಈ ಬೇಸಿಗೆಯಲ್ಲಿ, ಇದ್ದ ಕ್ರಮವನ್ನು ಗುರುತಿಟ್ಟುಕೊಂಡು ಕಟ್ಟು ಬಿಚ್ಚಿದೆ. ಅಂಚು ಮುರಿದು ಗರಿಗಳ ಅಂಕಿಗಳು ಅಳಿದಿದ್ದವು. ಪದ್ಯಸಂಖ್ಯೆಯಾದರೋ ಪ್ರತಿ ಸಂಧಿಗೂ 1ರಿಂದಲೇ ಆರಂಭ. ಕೈಹಿಡಿದದ್ದು ಪ್ರಾಸ. ಭಾಮಿನಿ ಷಟ್ಪದಿಯ ಆರೂ ಸಾಲುಗಳಲ್ಲಿ ಎರಡನೆಯ ಅಕ್ಷರದ ವ್ಯಂಜನ ಒಂದೇ. ಗರಿಯ ಕೊನೆಗೆ ಅರ್ಧದಲ್ಲಿ ನಿಂತ ಪದ್ಯವು ಅದೇ ಪ್ರಾಸ ಮುಂದುವರಿಯುವ ಗರಿಯನ್ನು ತಾನೇ ತೋರಿಸಿಕೊಟ್ಟಿತು.

ಪದ್ಯಗಳು ಕೂಡಿದವು, ಹುಳು ಕೊರೆದ ತೂತುಗಳು ಮಾತ್ರ ಕೂಡಲಿಲ್ಲ. ಅಪ್ಪ ಪೋಣಿಸಿದ್ದ ಕ್ರಮಕ್ಕೆ ಮರಳಿಸಿದರೆ ಅವು ಒಂದೇ ಸುರಂಗವಾದವು. ಆ ಹುಳು ಊರಿನ ಅಟ್ಟದ್ದೆಂದು ಅಜ್ಜಿ ಹೇಳುತ್ತಿದ್ದರು. ಹಾಗಾದರೆ ಗರಿಗಳು ಅಲ್ಲಿಯೇ ಅದಲುಬದಲಾಗಿದ್ದವು; ಅಪ್ಪ ಇದ್ದುದನ್ನು ಇದ್ದಂತೆಯೇ ಪೋಣಿಸಿದ್ದರು.

ಕಟ್ಟನ್ನು ಅವರ ಕೈಗಿತ್ತೆ. ತೂತಿನೊಳಗಿಂದ ಬೆಳಕು ಕಾಣುವವರೆಗೆ ತಿರುಗಿಸಿ ನೋಡಿದರು. ಬಹಳ ಹೊತ್ತಿನ ಮೇಲೆ, “ಹಂಗಾದ್ರ ಇನ್ನ ಕವಿ ಹೇಳಿದ್ಹಂಗ ಪೋಣಿಸು” ಎಂದರು.