ನಮ್ಮದರಲ್ಲೂ ಓಡುತ್ತದೆಯೇ?

ಕುಕ್ಕರಿನ ಗ್ಯಾಸ್ಕೆಟ್ ತರಲು ಪಾತ್ರೆ ಅಂಗಡಿಗೆ ಹೋದ ಹೆಂಗಸರಿಗೆಲ್ಲ ಈ ಅನುಭವ ಇದ್ದೇ ಇರುತ್ತದೆ. ಅಂಗಡಿಯವನು ಮೊದಲು ಕೇಳುವ ಪ್ರಶ್ನೆ, "ಯಾವ ಕಂಪನಿಯದಮ್ಮಾ? ಎಷ್ಟು ಲೀಟರಿನದು?" ಒಂದು ಕಂಪನಿಯ ಗ್ಯಾಸ್ಕೆಟ್ ಇನ್ನೊಂದರ ಮುಚ್ಚಳಕ್ಕೆ ಕೂರುವುದಿಲ್ಲ. ಕುಕ್ಕರು ಮಾಡುವ ದೊಡ್ಡವರು ತಮ್ಮ ತಮ್ಮ ಅಳತೆಯನ್ನಷ್ಟೇ ನೋಡಿಕೊಂಡು ನೆಮ್ಮದಿಯಾಗಿರುತ್ತಾರೆ. ಎಲ್ಲ ಅಳತೆಯವನ್ನೂ ಮೊಳೆಗೆ ತೂಗುಹಾಕಿ, ಬಂಡವಾಳ ಹೂಡಿ ಕಾಯಬೇಕಾದವನು ಮೂಲೆಯ ಸಣ್ಣ ಅಂಗಡಿಯವನು. ಒಂದು ಅಳತೆ ಇಲ್ಲವೆಂದರೆ ಗಿರಾಕಿ ಪಕ್ಕದ ಅಂಗಡಿಯ ಮೆಟ್ಟಿಲು ಹತ್ತಿಯಾಯಿತು.

ಕಂಪ್ಯೂಟರ್ ತಂತ್ರಾಂಶ ಮಾಡುವ ಸಣ್ಣವರ ಪಾಡೂ ಇದೇ ಎಂದು ನನಗೆ ತಿಳಿದದ್ದು ನನ್ನ ತಂಗಿಯ ಮಗನಿಂದ. ಅವನೂ ಅವನ ಇಬ್ಬರು ಗೆಳೆಯರೂ ಮೈಸೂರಿನಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು, ಶಾಲೆಗಳಿಗೆ ಬೇಕಾದ ತಂತ್ರಾಂಶ ಮಾಡಿದರು. ಹಾಜರಿ, ಶುಲ್ಕ, ಅಂಕಪಟ್ಟಿ ಎಲ್ಲ ಅದರಲ್ಲೇ. ಶಾಲೆಯ ಕಚೇರಿಗಳಲ್ಲಿ ಇದ್ದದ್ದು ವಿಂಡೋಸ್ ಕಂಪ್ಯೂಟರು. ಆದ್ದರಿಂದ ಅದಕ್ಕೇ ಬರೆದರು. ಹದಿನೈದಿಪ್ಪತ್ತು ಶಾಲೆಗಳು ಕೊಂಡವು. ಆಮೇಲೆ ತಂದೆತಾಯಂದಿರು, "ಮಗುವಿನ ಅಂಕ ನಮ್ಮ ಮೊಬೈಲಿನಲ್ಲೇ ಕಾಣಲಿ" ಎಂದರು. ಹೆಚ್ಚಿನವರದು ಆಂಡ್ರಾಯ್ಡ್ ಫೋನು. ಅದಕ್ಕೆ ಬೇರೆಯಾಗಿ ಬರೆದರು. ಅಷ್ಟರಲ್ಲಿ ಒಂದು ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳು ತಮ್ಮ ಫೋನನ್ನು ಮೇಜಿನ ಮೇಲಿಟ್ಟು ಕೇಳಿದರಂತೆ: "ಐಫೋನಿನಲ್ಲಿ ಓಡುತ್ತದೆಯೇನಪ್ಪಾ?"

ಕೇಳಲು ಎಷ್ಟು ಸಣ್ಣ ಪ್ರಶ್ನೆ! "ಅದರಲ್ಲೇನು ಕಷ್ಟವೋ, ಇದ್ದದ್ದನ್ನೇ ಅದಕ್ಕೂ ಹಾಕಿದರಾಯಿತು" ಎಂದು ನಾನೂ ಹೇಳಿದೆ. ಅವನು ನಕ್ಕ. "ಹಾಗಲ್ಲ ದೊಡ್ಡಮ್ಮ" ಎಂದು ವಿವರಿಸಿದ. ಆಂಡ್ರಾಯ್ಡಿಗೆ ಜಾವಾ ಇಲ್ಲವೇ ಕೋಟ್ಲಿನ್ ಎಂಬ ಭಾಷೆ, ಐಫೋನಿಗೆ ಸ್ವಿಫ್ಟ್ ಎಂಬ ಭಾಷೆ. ಐಫೋನಿಗೆ ಆ್ಯಪ್ ಸಿದ್ಧಮಾಡಲು ಆಪಲ್‌ನವರ ಮ್ಯಾಕ್ ಕಂಪ್ಯೂಟರೇ ಬೇಕು. ಅವರ ಅಂಗಡಿಯಲ್ಲಿ ಆ್ಯಪ್ ಇಡಲು ವರ್ಷಕ್ಕೆ 99 ಡಾಲರ್; ಗೂಗಲ್‌ನವರಿಗೆ ಒಂದೇ ಸಲ 25 ಡಾಲರ್. ಒಮ್ಮೆ ಬರೆದು ಎರಡೂ ಕಡೆ ಬಳಸಬಹುದಾದ ಫ್ಲಟ್ಟರ್‌ನಂಥ ಸಾಧನಗಳು ಬಂದಿವೆ ನಿಜ. ಆದರೂ ಎರಡೂ ಕಡೆ ಪರೀಕ್ಷಿಸಿ ನೋಡುವುದು ತಪ್ಪದು. ವರ್ಷವರ್ಷವೂ ಎರಡು ಕಂಪನಿಗಳೂ ಹೊಸ ಆವೃತ್ತಿ ತರುತ್ತವೆ, ನಿಯಮ ಬದಲಿಸುತ್ತವೆ. ಅದಕ್ಕೆ ತಕ್ಕಂತೆ ತಿದ್ದುತ್ತಿರದಿದ್ದರೆ ಹಳೆಯದು ಹೊಸ ಫೋನುಗಳಿಗೆ ಸಿಗುವುದೇ ಇಲ್ಲ.

ನನಗೆ ತಟ್ಟನೆ ಅರ್ಥವಾಯಿತು. ಹಳ್ಳಿಯ ಏಕೋಪಾಧ್ಯಾಯ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ನಾಲ್ಕು ತರಗತಿ ಕೂರಿಸಿಕೊಂಡು ಕಲಿಸುವವರ ಕಥೆ ಇದು. ಪಾಠ ನಾಲ್ಕು, ಬಾಯಿ ಒಂದೇ.

"ಹಾಗಾದರೆ ಐಫೋನು ಬಿಟ್ಟುಬಿಡು. ಎಷ್ಟು ಜನರ ಹತ್ತಿರ ಇದೆ ಅದು?" ಎಂದೆ. "ಐವತ್ತು ಪೋಷಕರಲ್ಲಿ ಒಬ್ಬರ ಹತ್ತಿರ. ಆದರೆ ಚೆಕ್ಕಿಗೆ ಸಹಿ ಹಾಕುವವರು ಆ ಒಬ್ಬರೇ" ಎಂದ. ಅದೇ ಶಾಲೆಗೆ ಒಂದು ದೊಡ್ಡ ಕಂಪನಿಯವರೂ ಬಂದು, ಎಲ್ಲದರಲ್ಲೂ ಓಡುತ್ತದೆ ಎಂದು ಬಣ್ಣಬಣ್ಣದ ಪತ್ರಿಕೆ ಕೊಟ್ಟು ಹೋಗಿದ್ದರಂತೆ. ಮೂವರು ಹಗಲಿರುಳು ಕೂತು ಮೂರಕ್ಕೂ ಬರೆದರು. ಒಂದು ಕಡೆಯ ದೋಷ ತಿದ್ದಿದರೆ ಮತ್ತೆರಡು ಕಡೆ ತಿದ್ದಬೇಕು. ಬಂದ ಹಣ ಅದೇ, ಕೆಲಸ ಮೂರರಷ್ಟು. ಮನೆಯಲ್ಲಿ ಸಾಲವಿದ್ದ ಒಬ್ಬ ಗೆಳೆಯ ಬೆಂಗಳೂರಿನ ನೌಕರಿಗೆ ಹೊರಟುಹೋದ. ಅವತ್ತು ನಮ್ಮ ಹುಡುಗ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ, ತುತ್ತೆತ್ತಲಿಲ್ಲ.

ಇದು ಇಂದಿನ ಸಂಕಟವಲ್ಲವೆಂದು ಅವನೇ ಹೇಳಿದ ಒಂದು ಕಥೆಯಿಂದ ತಿಳಿಯಿತು. ಅಮೆರಿಕದ ಯೂಟಾ ರಾಜ್ಯದಲ್ಲಿ ಅಲನ್ ಆ್ಯಷ್ಟನ್ ಎಂಬ ಪ್ರಾಧ್ಯಾಪಕರೂ ಅವರ ವಿದ್ಯಾರ್ಥಿ ಬ್ರೂಸ್ ಬ್ಯಾಸ್ಟಿಯನ್ ಅವರೂ 1979ರಲ್ಲಿ ಸಣ್ಣದೊಂದು ಕಂಪನಿ ತೆರೆದರು. ಅವರ ವರ್ಡ್‌ಪರ್ಫೆಕ್ಟ್ ಎಂಬ ಬರವಣಿಗೆಯ ತಂತ್ರಾಂಶ 1982ರಲ್ಲಿ ಐಬಿಎಂ ಪಿಸಿಗೆ ಬಂದು ಬಹಳ ಹೆಸರು ಮಾಡಿತು. ಮ್ಯಾಕಿಂತೋಷ್, ಅಮಿಗಾ, ಅಟಾರಿ, ಯೂನಿಕ್ಸ್ ಎಂದು ಯಾರು ಕೇಳಿದರೂ ಅವರವರ ಯಂತ್ರಕ್ಕೆ ಬರೆದುಕೊಟ್ಟರು. ಮುಂದಿನ ಕಾಲ ಓಎಸ್/2ರದು ಎಂದು ದೊಡ್ಡವರು ಹೇಳಿದಾಗ ಅದಕ್ಕೂ ಶ್ರಮ ಹಾಕಿದರು. ಆದರೆ 1990ರಲ್ಲಿ ವಿಂಡೋಸ್ 3.0 ಬಂದು ಪೇಟೆಯನ್ನು ಗೆದ್ದಿತು. ಇವರ ವಿಂಡೋಸ್ ಆವೃತ್ತಿ ಹೊರಬಂದದ್ದು 1991ರ ಕೊನೆಗೆ. ಮೈಕ್ರೋಸಾಫ್ಟ್‌ನ ವರ್ಡ್ ಆಗಲೇ ಅಲ್ಲಿ ಆಸನ ಹಾಕಿ ಕೂತಿತ್ತು. 1994ರಲ್ಲಿ ಕಂಪನಿ ನೊವೆಲ್‌ನ ಪಾಲಾಯಿತು, 1996ರಲ್ಲಿ ತಂತ್ರಾಂಶ ಕೋರೆಲ್‌ನ ಪಾಲಾಯಿತು. ಬೆಳೆದು ದೊಡ್ಡದಾಗಿದ್ದ ಮನೆಗೇ ಈ ಗತಿಯಾದರೆ, ಬಾಡಿಗೆ ಕೋಣೆಯ ಹುಡುಗರು ಯಾವ ಲೆಕ್ಕ?

ಯಾವ ಕುದುರೆ ಗೆಲ್ಲುತ್ತದೆಂದು ದೊಡ್ಡವರಿಗೇ ತಿಳಿದಿರುವುದಿಲ್ಲ. ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನು 2010ರಲ್ಲಿ ಬಂತು. ಆ್ಯಪ್‌ಗಳು ಕಡಿಮೆಯೆಂದು ಜನ ಕೊಳ್ಳಲಿಲ್ಲ. ಜನ ಕೊಳ್ಳಲಿಲ್ಲವೆಂದು ಆ್ಯಪ್ ಬರೆಯುವವರು ಬರಲಿಲ್ಲ. 2020ರ ಜನವರಿಯ ಹೊತ್ತಿಗೆ ಅದರ ಬಾಗಿಲು ಮುಚ್ಚಿತು. ದೊಡ್ಡ ಕಂಪನಿಗೆ ಅದೊಂದು ನಷ್ಟ, ಅಷ್ಟೆ. ಅದನ್ನು ನಂಬಿ ಬರೆದುಕೊಟ್ಟ ಸಣ್ಣವರ ವರ್ಷಗಳನ್ನು ಯಾರು ಹಿಂದಿರುಗಿಸುತ್ತಾರೆ?

ಇದಕ್ಕೆ ದಾರಿ ಇಲ್ಲವೇ ಎಂದರೆ, ನಮ್ಮ ಕನ್ನಡದಲ್ಲೇ ಒಂದು ಉತ್ತರವಿದೆ. ನಾನು ಕೆಲಸಕ್ಕೆ ಸೇರಿದ ತೊಂಬತ್ತರ ದಶಕದಲ್ಲಿ ಪ್ರಶ್ನೆಪತ್ರಿಕೆಯ ಫ್ಲಾಪಿಯನ್ನು ಒಂದು ಡಿಟಿಪಿ ಅಂಗಡಿಯಿಂದ ಇನ್ನೊಂದಕ್ಕೆ ಒಯ್ದರೆ, ಕನ್ನಡವೆಲ್ಲ ಚುಕ್ಕಿ ಗೆರೆಗಳ ಸಂತೆಯಾಗುತ್ತಿತ್ತು. ಒಬ್ಬೊಬ್ಬರ ಅಕ್ಷರಕ್ಕೆ ಒಂದೊಂದು ಸಂಕೇತ. ಎಲ್ಲರಿಗೂ ಒಂದೇ ಸಂಕೇತವಿರಲೆಂದು ಒಪ್ಪಿಕೊಂಡ ಯೂನಿಕೋಡ್‌ನಲ್ಲಿ 1991ರಿಂದಲೇ ಕನ್ನಡಕ್ಕೆ ಜಾಗವಿದೆ. ಸಾಮಾನ್ಯರ ಕಂಪ್ಯೂಟರಿಗೆ ಅದು ಬಂದದ್ದು 2001ರ ವಿಂಡೋಸ್ ಎಕ್ಸ್‌ಪಿಯಿಂದೀಚೆಗೆ. ಇಂದು ನಾನು ಯಾವ ಫೋನಿನಲ್ಲಿ 'ಅಮ್ಮ' ಎಂದು ಬರೆದರೂ ಅಮೆರಿಕದಲ್ಲಿರುವ ಮಗಳ ಐಫೋನಿನಲ್ಲಿ ಅದು 'ಅಮ್ಮ' ಎಂದೇ ಕಾಣುತ್ತದೆ. ಅಳತೆಯೊಂದನ್ನು ಎಲ್ಲರೂ ಒಪ್ಪಿದಲ್ಲಿ ಸಣ್ಣವನಿಗೂ ಬದುಕಲು ಎಡೆ ಇರುತ್ತದೆ.

ನಮ್ಮ ಹುಡುಗನೂ ಕೊನೆಗೆ ಅಂಥ ದಾರಿಯನ್ನೇ ಹಿಡಿದ. ಬೇರೆ ಬೇರೆ ಆ್ಯಪ್‌ಗಳನ್ನು ಕೈಬಿಟ್ಟು, ಯಾವ ಫೋನಿನ, ಯಾವ ಕಂಪ್ಯೂಟರಿನ ಬ್ರೌಸರಿನಲ್ಲಾದರೂ ತೆರೆದುಕೊಳ್ಳುವಂತೆ ಎಲ್ಲವನ್ನೂ ಹೊಸದಾಗಿ ಬರೆದ. ಅದರಲ್ಲೂ ಕೊರತೆಯಿದೆ, ನೆಟ್ ಸಿಗದ ಊರಿನಲ್ಲಿ ಪುಟ ತೆರೆಯುವುದಿಲ್ಲವೆಂದು ಎರಡು ಶಾಲೆಗಳು ಬಿಟ್ಟುಹೋದವು. ಉಳಿದವು ಉಳಿದುಕೊಂಡಿವೆ, ಅವನೂ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾನೆ. ಈಗ ದರಪಟ್ಟಿಯ ಕೊನೆಗೆ ಅವನು ಒಂದು ಸಾಲು ಸೇರಿಸಿದ್ದಾನೆ: ಐಫೋನಿಗೆ ಪ್ರತ್ಯೇಕ ಆ್ಯಪ್ ಬೇಕಾದಲ್ಲಿ ಅದರ ವೆಚ್ಚ ಪ್ರತ್ಯೇಕ. ಆ ಮೊತ್ತವನ್ನು ಓದಿದ ಮೇಲೆ ಕಾರ್ಯದರ್ಶಿಗಳಿಗೆ ಬ್ರೌಸರೇ ಸಾಕೆನಿಸುತ್ತದಂತೆ.