ಗೆರೆ ತುಳಿದರೂ ಔಟಲ್ಲ



ನಿಮ್ಮ ಪತ್ರ ತಲುಪಿತು. ಮಗಳು 'ಸೆಲೆಸ್ಟ್' ಎಂಬ ವಿಡಿಯೋ ಗೇಮ್ ಆಡುತ್ತ ಒಂದೇ ಸಂಜೆಯಲ್ಲಿ ಲೆಕ್ಕವಿಲ್ಲದಷ್ಟು ಸಲ ಸಾಯುತ್ತಾಳೆ, ಆದರೂ ಕಂಟ್ರೋಲರ್ ಕೆಳಗಿಡುವುದಿಲ್ಲ, ಅದರಲ್ಲಿ ಅಂಥ ಸುಖ ಏನಿದೆ ಎಂದು ಕೇಳಿದ್ದೀರಿ.

ವೇಗದ ಸುಖ ಅಂತ ಹೇಳಿ ಮುಗಿಸಬಹುದಿತ್ತು. ಆದರೆ ಬರೀ ವೇಗ ರೇಗಿಸುತ್ತದೆ. 1991ರ 'ಸಾನಿಕ್' ಆಟದ ನಾಯಕ ಇಳಿಜಾರಿನಲ್ಲಿ ಉಂಡೆಯಾಗಿ ಉರುಳುವುದು ಸೊಗಸೇ. ಅದೇ ರಭಸದಲ್ಲಿ ಪರದೆಯ ಅಂಚಿನಿಂದ ದಿಢೀರನೆ ಮುಳ್ಳು ಎದುರಾದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ? ಅದಕ್ಕೇ ಇರಬೇಕು, ಕೈಯಲ್ಲಿ ಒಂದೇ ಒಂದು ಉಂಗುರವಿದ್ದರೂ ಸಾನಿಕ್ ಪೆಟ್ಟು ತಿಂದು ಬದುಕುತ್ತಾನೆ. ಉಂಗುರ ಚೆಲ್ಲಿಹೋಗುತ್ತದೆ, ಪ್ರಾಣ ಉಳಿಯುತ್ತದೆ. ಇಂಥ ಆಟಗಳ ಗುಟ್ಟು ಈ ದಾಕ್ಷಿಣ್ಯದಲ್ಲೇ ಇದೆ ಎಂದು ನನಗನ್ನಿಸುತ್ತದೆ.

'ಸೆಲೆಸ್ಟ್' ಬಂದದ್ದು 2018ರಲ್ಲಿ. ಅದನ್ನು ಕಟ್ಟಿದ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ, ನಾಯಕಿ ಮ್ಯಾಡಲಿನ್‌ಳ ಚಲನೆಯ ಪ್ರೋಗ್ರಾಮನ್ನು ಯಾರು ಬೇಕಾದರೂ ಓದಲಿ ಎಂದು ಹೊರಗೆ ಬಿಟ್ಟಿದ್ದಾರೆ. ಓದಿದರೆ ನಗು ಬರುತ್ತದೆ, ಅಷ್ಟು ಮೆದು ಮನಸ್ಸು! ಅವಳು ಬಂಡೆಯ ಅಂಚು ದಾಟಿ ಗಾಳಿಗೆ ಕಾಲಿಟ್ಟ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿತದ ಬಟನ್ ಕೆಲಸ ಮಾಡುತ್ತದೆ. ಆಟ ಕಟ್ಟುವವರು ಇದನ್ನು 'ಕಯೋಟಿ ಟೈಮ್' ಅನ್ನುತ್ತಾರೆ. ಪ್ರಪಾತದಾಚೆಗೂ ಓಡಿ, ಕೆಳಗೆ ನೋಡುವ ತನಕ ಬೀಳದ ಕಾರ್ಟೂನಿನ ಆ ಕಯೋಟಿ ನಿಮಗೆ ನೆನಪಿರಬೇಕು. ನೆಲ ಮುಟ್ಟುವ ಕ್ಷಣಕ್ಕೆ ಮುಂಚೆಯೇ ಅವಸರಪಟ್ಟು ಒತ್ತಿದರೆ, ಆಟ ಅದನ್ನು ನೆನಪಿಟ್ಟುಕೊಂಡು ಕಾಲು ತಾಗಿದೊಡನೆ ಜಿಗಿಸುತ್ತದೆ. ಮೇಲಿನ ಕಲ್ಲಿನ ಮೂಲೆಗೆ ತಲೆ ತುಸು ತಾಗುವಂತಿದ್ದರೆ ನಾಲ್ಕು ಪಿಕ್ಸೆಲ್‌ನಷ್ಟು ಪಕ್ಕಕ್ಕೆ ಸರಿಸಿ ಮೇಲಕ್ಕೆ ಬಿಡುತ್ತದೆ. ಬಟನ್ ಒತ್ತಿ ಹಿಡಿದರೆ ಜಿಗಿತದ ತುದಿಯಲ್ಲಿ ಗುರುತ್ವವೇ ಅರ್ಧಕ್ಕಿಳಿದು, ಎಲ್ಲಿ ಇಳಿಯಲಿ ಎಂದು ಯೋಚಿಸಲು ಚೂರು ಬಿಡುವು ಸಿಗುತ್ತದೆ. ಕುಂಟೆಬಿಲ್ಲೆಯಲ್ಲಿ ತಂಗಿ ಗೆರೆ ತುಳಿದದ್ದನ್ನು ಕಂಡೂ ಕಾಣದಂತಿರುವ ಅಕ್ಕನ ಹಾಗೆ.

ಆಡುವವರಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ. 'ಎಷ್ಟು ಚೆನ್ನಾಗಿ ಜಿಗಿದೆ ನಾನು' ಎಂದೇ ಅನ್ನಿಸುತ್ತದೆ. ಮೋಸವೇ? ನನ್ನ ಮಟ್ಟಿಗೆ ಅಲ್ಲ. ಬೆರಳು ಒತ್ತಿದ್ದಕ್ಕಿಂತ ಮನಸ್ಸು ಬಯಸಿದ್ದನ್ನು ಆಟ ನಡೆಸಿಕೊಡುತ್ತಿದೆ. ದಾರಿ ಹುಡುಕುವ ಕಷ್ಟ ಹಾಗೇ ಉಳಿದಿದೆ. ಅದರಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಇನ್ನು ಸಾವಿನ ವಿಷಯ. ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಟಿವಿಗೆ ವಿಡಿಯೋ ಗೇಮ್ ಸಿಕ್ಕಿಸಿ, ಕ್ಯಾಸೆಟ್ ಹಾಕಿ ಮಾರಿಯೋ ಆಡಿದವರಿಗೆ ಮೂರು ಪ್ರಾಣ, ಅವು ಮುಗಿದರೆ ಮೊದಲಿನಿಂದ ಶುರು. (ಪಕ್ಕದಲ್ಲಿ ಕಾಯುತ್ತಿದ್ದ ತಮ್ಮನಿಗೆ ಮಾತ್ರ ಅದು ನ್ಯಾಯವಾಗಿ ಕಾಣುತ್ತಿತ್ತು.) 2010ರ 'ಸೂಪರ್ ಮೀಟ್ ಬಾಯ್' ಈ ಲೆಕ್ಕವನ್ನೇ ಕಿತ್ತುಹಾಕಿತು. ಹಂತಗಳು ತೀರಾ ಚಿಕ್ಕವು. ಗರಗಸಕ್ಕೆ ಸಿಕ್ಕಿ ಸತ್ತರೆ ಉಸಿರೆಳೆಯುವಷ್ಟರಲ್ಲಿ ಮತ್ತೆ ಆರಂಭದ ಜಾಗದಲ್ಲಿ ನಿಂತಿರುತ್ತೀರಿ. ಗೆದ್ದ ಮೇಲಂತೂ ಹಿಂದಿನ ಪ್ರಯತ್ನಗಳೆಲ್ಲ ಪರದೆಯ ಮೇಲೆ ಒಟ್ಟಿಗೇ ಓಡುತ್ತವೆ: ಗುಂಪುಗುಂಪಾಗಿ ಸಾಯುವವರ ನಡುವೆ ಒಬ್ಬ ಮಾತ್ರ ಗುರಿ ಮುಟ್ಟುತ್ತಾನೆ. ಸೋಲಿನ ಮೆರವಣಿಗೆಯನ್ನು ಇಷ್ಟು ತಮಾಷೆಯಾಗಿ ತೋರಿಸಿದ ಇನ್ನೊಂದು ಆಟವನ್ನು ನಾನು ಕಂಡಿಲ್ಲ. ಕಾಯಿಸದೆ ಮರಳಿಸುವ ಆಟದಲ್ಲಿ ಸಿಟ್ಟಿಗೆ ಪುರುಸೊತ್ತೇ ಇರುವುದಿಲ್ಲ, 'ಇನ್ನೊಂದೇ ಸಲ' ಅನ್ನುವುದಕ್ಕೆ ಬೆರಳು ಆಗಲೇ ಓಡಿರುತ್ತದೆ.

ನೀವೂ ಒಮ್ಮೆ ಆಡಿ. 'ಸೆಲೆಸ್ಟ್'ನಲ್ಲಿ ಅಸಿಸ್ಟ್ ಮೋಡ್ ಎಂಬುದಿದೆ, ಆಟದ ವೇಗವನ್ನು ಅರ್ಧದವರೆಗೆ ಇಳಿಸಿಕೊಳ್ಳಬಹುದು, ಸಾಯದಂತೆಯೂ ಮಾಡಿಕೊಳ್ಳಬಹುದು. ಸಂಕೋಚ ಬೇಡ, ಮಾಡಿದವರೇ ಇಟ್ಟಿರುವ ಅನುಕೂಲ ಅದು. ಎಷ್ಟನೇ ಅಧ್ಯಾಯದ ತನಕ ತಲುಪಿದಿರಿ ಅಂತ ಮುಂದಿನ ಪತ್ರದಲ್ಲಿ ತಪ್ಪದೆ ಬರೆಯಿರಿ.

ಇತಿ ನಿಮ್ಮ ವಿಶ್ವಾಸಿ